ನಾಯಿ ನರ್ಸಮ್ಮನ ಫ್ಲೆಕ್ಸು

ಮಾನ್ವಿಯಲ್ಲಿ ಯಾರೂ ನಾಯಿ ತಿನ್ನುವುದಿಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ತಡವಾಗಿ ಹೇಳಿದರೆ ಯಾರೂ ನಂಬುವುದಿಲ್ಲ ಎಂಬುದನ್ನು ಶಶಿಕಲಾ ಪಡಬಾರದ ಪಾಡು ಪಟ್ಟು ಕಲಿತಿದ್ದಾಳೆ. ಆಕೆ ಕಲಿತದ್ದು ನಮಗಾದರೂ ಉಪಯೋಗಕ್ಕೆ ಬರಲಿ.

ಶಶಿಕಲಾ ಎಂದು ಕೇಳಿದರೆ ಊರಿನಲ್ಲಿ ಅರ್ಧ ಮಂದಿಗೆ ಗೊತ್ತಾಗಲಿಕ್ಕಿಲ್ಲ. ನಾಯಿ ನರ್ಸಮ್ಮ ಎಂದರೆ ಬಸ್ ಸ್ಟ್ಯಾಂಡಿನ ಬಾಳೆಹಣ್ಣಿನ ಬಂಡಿಯವನೂ ಕೈ ಎತ್ತಿ ಮನೆ ತೋರಿಸುತ್ತಾನೆ. ಹುಟ್ಟಿದ್ದು ದೇವದುರ್ಗ ತಾಲೂಕಿನ ಮಸರಕಲ್ಲಿನಲ್ಲಿ, ಕಂಡವರ ಹೊಲದಲ್ಲಿ ದುಡಿಯುತ್ತಿದ್ದ ತಾಯಣ್ಣನ ಮಗಳಾಗಿ. ತಾಯಣ್ಣ ಗೋಡೆಗೆ ಬುದ್ಧನ ಪಟ ತೂಗುಹಾಕಿ, ಮಗಳ ಕೈಗೆ ಪಾಟಿ ಕೊಟ್ಟು, ಕಳೆ ಕೀಳುವ ಕೆಲಸ ನಮ್ಮ ತಲೆಗೇ ಮುಗಿಯಲಿ ಎಂದು ಶಾಲೆಗೆ ಅಟ್ಟಿದ. ಮಗಳು ನರ್ಸಾದಳು. ಚಂದ್ರಬಂಡ, ಯಾಪಲದಿನ್ನಿ ಎಂದು ಹಳ್ಳಿ ಹಳ್ಳಿ ತಿರುಗಿ, ಕೊನೆಗೆ ಮಾನ್ವಿಯ ಆಸ್ಪತ್ರೆಯಲ್ಲಿ ನಿವೃತ್ತಿಯಾಗಿ, ತಾಯಿ ಯಮನಮ್ಮನ ಜೊತೆ ಇಲ್ಲೇ ಉಳಿದಳು. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದವರಿಗೆ, “ಮಂದಿ ಹೆರಿಗಿ ಮಾಡಿಸೋದ್ರಾಗ ನನಗ ಟೈಮ್ ಸಿಗಲಿಲ್ರಿ” ಎನ್ನುತ್ತಿದ್ದಳು. ಕೇಳಿದವರಲ್ಲಿ ಹೆಚ್ಚಿನವರು ಆಕೆಯೇ ಹೆರಿಗೆ ಮಾಡಿಸಿದವರಾದ್ದರಿಂದ ಮುಂದೆ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ನಾಯಿಯ ಹುಚ್ಚು ಹತ್ತಿದ್ದು ಯಾಪಲದಿನ್ನಿಯಲ್ಲಿ. ಲಸಿಕೆಯ ಡಬ್ಬಿ ಹೆಗಲಿಗೆ ಹಾಕಿಕೊಂಡು ಬಿಸಿಲಲ್ಲಿ ಹೊಲದ ದಾರಿ ಹಿಡಿದಾಗ ಕರಿಯ ಎಂಬ ಬೀದಿನಾಯಿ ಹಿಂದೆ ಬರುತ್ತಿತ್ತು. ಮನೆಯೊಳಗೆ ಹೆಣ್ಣುಮಗಳೊಬ್ಬಳು ನರಳುತ್ತಿದ್ದರೆ ಅದು ಹೊಸ್ತಿಲ ಹೊರಗೆ ಮಲಗಿರುತ್ತಿತ್ತು. ಕೂಸು ಅತ್ತ ಮೇಲೆ ಎದ್ದು ಮೈ ಕೊಡವುತ್ತಿತ್ತು. ಗಂಡಸರು ಬೀಡಿ ಸೇದುತ್ತ ಕಟ್ಟೆಯ ಮೇಲೆ ಕೂತಿರುವಾಗ ಹೊಸ್ತಿಲು ಕಾದದ್ದು ಆ ನಾಯಿ ಒಂದೇ ಎಂದು ಶಶಿಕಲಾ ಇವತ್ತಿಗೂ ಹೇಳುತ್ತಾಳೆ, ಗಂಡಸರು ಇದ್ದಲ್ಲಿ ಸ್ವಲ್ಪ ಜೋರಾಗಿಯೇ ಹೇಳುತ್ತಾಳೆ. ವರ್ಗವಾಗಿ ಹೋದವಳು ತಿರುಗಿ ಬಂದು ಕೇಳಿದಾಗ ಕರಿಯ ಇರಲಿಲ್ಲ. ಎಲ್ಲಿ ಹೋಯಿತೋ ಯಾರಿಗೂ ಗೊತ್ತಿರಲಿಲ್ಲ. ಬೀದಿನಾಯಿಯ ಲೆಕ್ಕ ಯಾರು ಇಡುತ್ತಾರೆ?

ನಿವೃತ್ತಿಯಾದ ವರ್ಷ ಆಕೆಯ ಫೋನಿಗೆ ಯಾರೋ ಒಂದು ವಿಡಿಯೋ ಕಳಿಸಿದರು. ದೂರದ ಯಾವುದೋ ಊರಿನ ಸಂತೆ. ಗೋಣಿಚೀಲದಲ್ಲಿ ನಾಯಿಗಳನ್ನು ತುಂಬಿ ತಲೆ ಮಾತ್ರ ಹೊರಗೆ ಬಿಟ್ಟು ಹೊಲಿದಿದ್ದಾರೆ, ಬಾಯಿಗೆ ಹಗ್ಗ ಬಿಗಿದಿದ್ದಾರೆ. ಪಕ್ಕದ ಪಂಜರದಲ್ಲಿ ಬೆಕ್ಕುಗಳು. ಒಂದು ಕರಿನಾಯಿಯ ಕುತ್ತಿಗೆಯಲ್ಲಿ ಕೆಂಪು ಪಟ್ಟಿ ಇತ್ತು; ಅಂದರೆ ಯಾರದೋ ಮನೆಯಿಂದ ಕದ್ದು ತಂದದ್ದು. ಶಶಿಕಲಾ ಆ ದಿನ ಊಟ ಬಿಟ್ಟಳು. ಮರುದಿನ ಬುದ್ಧನ ಪಟದ ಮುಂದೆ ನಿಂತು, ಇನ್ನು ಯಾವ ಪ್ರಾಣಿಯ ಮಾಂಸವೂ ಬೇಡ ಎಂದು ಶಪಥ ಮಾಡಿದಳು. ತಾನೊಬ್ಬಳೇ ಬಿಟ್ಟಿದ್ದರೆ ಕಥೆ ಬೇರೆ. ಮನೆಯೊಳಗೇ ಮಾಂಸ ಬೇಡ ಎಂದಳು.

ಯಮನಮ್ಮನಿಗೆ ಎಂಬತ್ತು ದಾಟಿದೆ. ಹಲ್ಲು ನಾಲ್ಕು ಉಳಿದಿದ್ದರೂ ನಾಲಗೆ ಪೂರ್ತಿ ಉಳಿದಿದೆ.

“ಬುದ್ಧ ಬಂದು ನಿನ್ನ ಕಿವ್ಯಾಗ ಹೇಳಿದ್ನೇನು, ಮುದುಕಿ ಬಾಯಿಗೆ ಮಣ್ಣು ಹಾಕು ಅಂತ?” ಎಂದಳು. “ಬಾಡ ತಿಂತಾರ, ಅದನ್ನ ತಿಂತಾರ, ಇದನ್ನ ತಿಂತಾರ ಅಂತ ಊರ ಮಂದಿ ನಮ್ಮ ತಾಟು ಇಣುಕಿ ನೋಡಿ ಮೂಗು ಮುರಿದದ್ದು ಸಾಲಲಿಲ್ಲೇನು? ಈಗ ನೀನೂ ಮಂದಿ ತಾಟು ಇಣುಕಾಕ ಹೊಂಟಿ?”

“ಯವ್ವಾ, ಅದು ಬ್ಯಾರೆ, ಇದು ಬ್ಯಾರೆ. ಕದ್ದು ತರ್ತಾರಬೇ, ಬಾಯಿ ಕಟ್ಟಿ ಮಾರ್ತಾರ.”

“ಬ್ಯಾರೆ ಅಂತ ನಿನಗ ಗೊತ್ತದ. ತಾಟಿಗೆ ಗೊತ್ತದೇನು?”

ಉತ್ತರ ಇಲ್ಲದಾಗ ಎಲ್ಲರೂ ಮಾಡುವಂತೆ ಶಶಿಕಲಾಳೂ ಕೆಲಸ ಶುರುಮಾಡಿದಳು.

ನಾಯಿ ಬೆಕ್ಕಿನ ಮಾಂಸದ ವ್ಯಾಪಾರವನ್ನು ದೇಶದಲ್ಲೆಲ್ಲ ನಿಲ್ಲಿಸಬೇಕು ಎಂದು ಒಂದು ಮನವಿ ಬರೆಸಿ ಸಹಿ ಕೂಡಿಸತೊಡಗಿದಳು. ಆಕೆಗೆ ಗೊತ್ತಿದ್ದದ್ದು ಒಂದೇ ಬಗೆಯ ಪ್ರಚಾರ, ಪಲ್ಸ್ ಪೋಲಿಯೋದ್ದು. ಹಾಗಾಗಿ ಇದನ್ನೂ ಹಾಗೆಯೇ ನಡೆಸಿದಳು. ಓಣಿ ಓಣಿ ಹಂಚಿಕೊಂಡು ಬೆಳಗ್ಗೆ ಹೊರಡುವುದು, ಸಹಿಯಾದ ಮನೆಯ ಬಾಗಿಲಿಗೆ ಸೀಮೆಸುಣ್ಣದಿಂದ ಗುರುತು ಹಾಕುವುದು, ಬೀಗ ಹಾಕಿದ ಮನೆಗೆ ಇನ್ನೊಂದು ಗುರುತು. ಒಬ್ಬರೇ ಎರಡು ಸಲ ಸಹಿ ಹಾಕಬಾರದೆಂದು, ಪೋಲಿಯೋ ಹನಿ ಹಾಕಿಸಿಕೊಂಡ ಕೂಸಿಗೆ ಹಚ್ಚುವಂತೆ, ಸಹಿ ಮಾಡಿದವರ ಎಡಗೈ ಕಿರುಬೆರಳಿನ ಉಗುರಿಗೆ ಮಾರ್ಕರ್ ಪೆನ್ನಿನಿಂದ ಕಪ್ಪು ಹಚ್ಚುತ್ತಿದ್ದಳು. ಮೀಸೆ ಬೆಳ್ಳಗಾದ ಗಂಡಸರೂ ಆಕೆಯ ಮುಂದೆ ಕಿರುಬೆರಳು ಚಾಚುತ್ತಿದ್ದರು. ಚಾಚದಿದ್ದರೆ ಆಕೆ ಅವರದೋ ಅವರ ಮಕ್ಕಳದೋ ಹುಟ್ಟಿನ ಸಂಗತಿ ತೆಗೆಯುತ್ತಿದ್ದಳು.

“ಅಲ್ರಿ ನರ್ಸಮ್ಮ, ನಮ್ಮೂರಾಗ ಯಾರು ನಾಯಿ ತಿಂತಾರ?” ಎಂದು ಕೇಳಿದವನು ಬಸ್ ಸ್ಟ್ಯಾಂಡ್ ಎದುರಿನ ಚಹಾದಂಗಡಿಯ ಕೊಟ್ರೇಶ. ಊರಿನ ಮಾತೆಲ್ಲ ಅವನ ಅಂಗಡಿಯಲ್ಲೇ ಕುದಿಯುವುದು. ಚಹಾ ಕೂಡ ಅಲ್ಲಿ ಕುದಿಯುತ್ತದೆ.

“ನಿಮ್ಮನ್ಯಾಗ ಯಾರಿಗರ ಪೋಲಿಯೋ ಬಂದದೇನು?”

“ಇಲ್ಲ.”

“ಮತ್ತ ನಿನಗ ಹನಿ ಯಾಕ ಹಾಕಿದ್ದೆ? ಬರೋಕಿಂತ ಮೊದಲೇ ಹಾಕಬೇಕಲೇ. ಚಾಚು ಬೆರಳು.”

ಕೊಟ್ರೇಶ ಬೆರಳು ಚಾಚಿದ. ಆಕೆ ಹೋದ ಮೇಲೆ, ನಾಯಿ ನರ್ಸಮ್ಮ ಎಂಬ ಹೆಸರಿಟ್ಟವನೂ ಅವನೇ.

ಇನ್ನು ಜಿಲಾನಿ ಪಾಷಾ. ಕೊಟ್ರೇಶನ ಅಂಗಡಿಯ ಪಕ್ಕದಲ್ಲೇ ಅವನ ಬಿರಿಯಾನಿ ಹೋಟೆಲು. ಅವನಪ್ಪ ಬಿಟ್ಟುಹೋದ ದೊಡ್ಡ ತಾಮ್ರದ ದೇಗ್‌ನಲ್ಲೇ ಇವತ್ತಿಗೂ ಬೇಯಿಸುತ್ತಾನೆ. ಅವನ ಹೆಂಡತಿ ಹಸೀನಾ ಬೇಗಂಳ ಮೊದಲ ಹೆರಿಗೆ ಕೈಮೀರಿ ಹೋಗಿದ್ದಾಗ ಇಡೀ ದಿನ ಪಕ್ಕ ಬಿಡದೆ ಕೂತು ತಾಯಿ ಮಗು ಇಬ್ಬರನ್ನೂ ಉಳಿಸಿಕೊಟ್ಟವಳು ಶಶಿಕಲಾ. ಆ ಮಗುವೇ ಉಮ್ಮೇ ಕುಲ್ಸುಮ್, ಈಗ ಕಾಲೇಜಿಗೆ ಹೋಗುತ್ತಾಳೆ. ಕಾಲೇಜು ಬಿಟ್ಟ ಕೂಡಲೇ ನೇರ ನರ್ಸಮ್ಮನ ಮನೆಗೆ ಬಂದು ಬೆಕ್ಕಿನ ಮರಿಗಳಿಗೆ ಹಾಲು ಹಾಕಿ, ಯಮನಮ್ಮನ ಬೈಗುಳ ಕೇಳಿ ನಕ್ಕು, ಆಮೇಲೆ ಮನೆಗೆ ಹೋಗುವುದು ಆಕೆಯ ರೂಢಿ. ಮಕ್ಕಳಿಲ್ಲದ ಶಶಿಕಲಾಳಿಗೆ ದಿನದಲ್ಲಿ ಹಿತವಾದ ಹೊತ್ತು ಅದೇ.

ಒಂದು ದಿನ ಜಿಲಾನಿ ಪಾಷಾ, “ಅಕ್ಕಾ, ನೀವು ಇಷ್ಟು ಓಣಿ ತಿರುಗಾಕತ್ತೀರಿ. ಬಸ್ ಸ್ಟ್ಯಾಂಡಿನಾಗ ಒಂದು ಫ್ಲೆಕ್ಸ್ ಹಾಕಿಸ್ರಿ, ಎಲ್ಲಾರೂ ಓದ್ತಾರ. ಖರ್ಚು ನಂದು. ಸಣ್ಣಗ ನಂದೊಂದು ಸೌಜನ್ಯ ಹಾಕಿದ್ರ ಸಾಕು,” ಎಂದ.

ನಮ್ಮ ಕಡೆ ಸೌಜನ್ಯವಿಲ್ಲದೆ ಫ್ಲೆಕ್ಸು ಇಲ್ಲ. ಸತ್ತವರ ಶ್ರದ್ಧಾಂಜಲಿಯ ಕೆಳಗೂ ಬಟ್ಟೆಯಂಗಡಿಯ ಹೆಸರಿರುತ್ತದೆ. ಇದರಲ್ಲಿ ತಪ್ಪೇನಿದೆ ಎಂದು ಇಬ್ಬರಿಗೂ ಹೊಳೆಯಲಿಲ್ಲ. ಇಬ್ಬರೂ ಕೂಡಿ ಬಸ್ಸು ಹತ್ತಿ ರಾಯಚೂರಿಗೆ ಹೋದರು. ಜಿಲಾನಿ ಪಾಷಾ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ, ಜೇಬಿನಲ್ಲಿ ಕಪ್ಪು ಕನ್ನಡಕ ಇತ್ತು.

ಅಲ್ಲಿ ಫ್ಲೆಕ್ಸು ಮಾಡುವವನು ಕಿರಣಕುಮಾರ ಎಂಬ ಹುಡುಗ. ಕಂಪ್ಯೂಟರಿನ ಮುಂದೆ ಕೂತರೆ ಬ್ರಹ್ಮನಿಗೂ ತಿದ್ದುಪಡಿ ಹೇಳುವವನು. “ರೊಕ್ಕ ಕೊಟ್ಟೋರ ಫೋಟೋ ಸಣ್ಣದು ಹಾಕಿದ್ರ ನಮ್ಮ ಅಂಗಡಿ ಮರ್ಯಾದಿ ಏನಾತ್ರಿ?” ಎಂದು, ಹಿಂದೆ ಹೋಟೆಲಿನ ಜಾಹೀರಾತಿಗೆ ಮಾಡಿಟ್ಟಿದ್ದ ಚಿತ್ರವನ್ನೇ ಎತ್ತಿ ಕೆಳಗೆ ಕೂರಿಸಿದ. ಮೇಲೆ ದೊಡ್ಡದಾಗಿ ನಾಯಿಯ ಮುಖ, ಪಕ್ಕದಲ್ಲಿ ಬೆಕ್ಕು. ನಡುವೆ ಕೆಂಪಕ್ಷರದಲ್ಲಿ ‘ನಾಯಿ ಬೆಕ್ಕಿನ ಮಾಂಸದ ವ್ಯಾಪಾರ ನಿಲ್ಲಲಿ’. ಕೆಳಗೆ, ಕಪ್ಪು ಕನ್ನಡಕ ಹಾಕಿ, ದೇಗ್‌ನೊಳಗೆ ಸೌಟು ಇಳಿಬಿಟ್ಟು ನಗುತ್ತಿರುವ ಜಿಲಾನಿ ಪಾಷಾ. ಅವನ ಪಕ್ಕ, ‘ಬಿಸಿ ಬಿಸಿ ಬಿರಿಯಾನಿ, ಇಂದೇ ಬನ್ನಿ’.

ಅಚ್ಚಿಗೆ ಹೋಗುವ ಮುಂಚೆ ಕಿರಣಕುಮಾರ ಇಬ್ಬರಿಗೂ ತೋರಿಸಿದ. ಶಶಿಕಲಾ ನಾಯಿಯ ಕಣ್ಣನ್ನೇ ನೋಡುತ್ತಿದ್ದಳು. ಅದು ಕರಿಯನ ಕಣ್ಣಿನ ಹಾಗೇ ಇತ್ತು. ಜಿಲಾನಿ ಪಾಷಾ ತನ್ನ ಮುಖವನ್ನೇ ನೋಡುತ್ತಿದ್ದ. ಹತ್ತು ವರ್ಷ ಸಣ್ಣವನಾಗಿ ಕಂಡ. ಇಬ್ಬರೂ ಒಟ್ಟಿಗೆ ‘ಛಲೋ ಅದ’ ಎಂದರು.

ಫ್ಲೆಕ್ಸು ಬಸ್ ಸ್ಟ್ಯಾಂಡಿನ ಎದುರಿಗೆ ಏರಿತು. ನಿಂತು ಪೂರ್ತಿ ಓದಿದವರಿಗೆ ಎಲ್ಲ ಸರಿಯಾಗಿಯೇ ಇತ್ತು. ಆದರೆ ಬಸ್ಸಿನ ಕಿಟಕಿಯಿಂದ ಫ್ಲೆಕ್ಸನ್ನು ಪೂರ್ತಿ ಓದುವವರು ಯಾರಿದ್ದಾರೆ? ಕಣ್ಣಿಗೆ ಬಿದ್ದದ್ದು ನಾಯಿ, ಮಾಂಸ, ಜಿಲಾನಿ ಪಾಷಾ, ಸೌಟು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಾವು. ಸಿಂಧನೂರಿನ ಬಸ್ಸು ಸಿಂಧನೂರು ಮುಟ್ಟುವುದರೊಳಗೆ ಜಿಲಾನಿ ಹೋಟೆಲಿನಲ್ಲಿ ನಾಯಿ ಮಾಂಸ ಸಿಕ್ಕಿತ್ತು. ಸಂಜೆಗೆ ನರ್ಸಮ್ಮನೇ ಪೊಲೀಸರನ್ನು ಕರೆಸಿದ್ದಳು. ಮರುದಿನ ದೇವದುರ್ಗದಿಂದ ಶಶಿಕಲಾಳ ಹಳೆಯ ಜೊತೆಗಾತಿ ಮಲ್ಲಿಕಾ ಫೋನು ಮಾಡಿ, “ಶಶಿ, ದೇಗ್‌ನ್ಯಾಗ ಬಾಲ ಸಿಕ್ಕಿತಂತಲ್ಲ, ನೀನೇ ಹಿಡಿದು ಎಳೆದಿಯಂತ, ಖರೇನು?” ಎಂದಳು.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಸ್ಥಿತಿ ಶಶಿಕಲಾಳದು.

ಹೋಟೆಲಿನ ಬೆಂಚುಗಳು ಖಾಲಿಯಾದವು. ಮಧ್ಯಾಹ್ನಕ್ಕೆ ಮುಗಿಯುತ್ತಿದ್ದ ಬಿರಿಯಾನಿ ಸಂಜೆಯವರೆಗೆ ಆರಿ ತಣ್ಣಗಾಗಿ, ಕೊನೆಗೆ ಮಸೀದಿಯ ಹತ್ತಿರ ಕೂರುವ ಬಡವರಿಗೆ ಹೋಗತೊಡಗಿತು. ಅವರೂ ಒಂದು ಸಲ ಮೂಸಿ ನೋಡಿ ತಿಂದರು ಎಂಬುದು ಜಿಲಾನಿ ಪಾಷಾನಿಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಟ್ಟಿತು.

ಶಶಿಕಲಾ ಮಾಡಿದ್ದೇನು? ತಪ್ಪನ್ನು ಸರಿಪಡಿಸಲು ಮತ್ತೆ ಓಣಿ ಓಣಿ ಹೊರಟಳು. “ಜಿಲಾನಿ ಹೋಟೆಲಿನಾಗ ನಾಯಿ ಮಾಂಸ ಇಲ್ರಿ, ಇಲ್ಲವೇ ಇಲ್ಲ” ಎಂದು ಮನೆ ಮನೆಗೆ ಸಾರಿದಳು. ಸುದ್ದಿ ಕೇಳಿರದ ಹತ್ತಾರು ಮನೆಗಳಿಗೂ ಹೀಗೆ ಆಕೆಯೇ ಸುದ್ದಿ ಮುಟ್ಟಿಸಿದಳು. ಹನಿ ಹಾಕಿದರೆ ಮಕ್ಕಳಾಗುವುದಿಲ್ಲ ಎಂಬ ಗಾಳಿಮಾತನ್ನು ಇದೇ ಓಣಿಗಳಲ್ಲಿ ವರ್ಷಗಟ್ಟಲೆ ಓಡಿಸಿದ ನರ್ಸು, ತಾನೇ ಎಬ್ಬಿಸಿದ ಗಾಳಿಯ ಮುಂದೆ ಸೋತಳು.

“ಅಕ್ಕಾ, ನಕ್ಕೋ, ಇನ್ನ ಬ್ಯಾಡ,” ಎಂದ ಜಿಲಾನಿ ಪಾಷಾ, ಕೈ ಮುಗಿದು. “ನೀವು ಇಲ್ಲ ಇಲ್ಲ ಅಂದಷ್ಟೂ ಮಂದಿ ಅದ ಅದ ಅನ್ನಾಕತ್ತಾರ. ಈ ತಿಂಗಳು ನೋಡ್ತೀನಿ. ಆಮ್ಯಾಲ ಅಬ್ಬಾನ ದೇಗ್ ಮಾರಿ ರಾಯಚೂರಿಗೆ ಹೋಗ್ತೀನಿ. ಯಾವುದರ ಶಾದಿ ಮಹಲಿನಾಗ ಅಡಗಿ ಕೆಲಸ ಸಿಗ್ತದ.”

ಬೈದಿದ್ದರೆ ಆಕೆ ತಡೆದುಕೊಳ್ಳುತ್ತಿದ್ದಳು. ಅವನು ಬೈಯಲಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಉಮ್ಮೇ ಕುಲ್ಸುಮ್ ಮನೆಗೆ ಬರುವುದು ನಿಂತಿತು. ಕಾಲೇಜಿನಲ್ಲಿ ಹುಡುಗಿಯರು, ‘ಇವತ್ತು ನಿಮ್ಮ ಹೋಟೆಲಿನಾಗ ಟಾಮಿಯೋ ಮೋತಿಯೋ’ ಎಂದು ಕೇಳಿದರಂತೆ. ಬೆಕ್ಕಿನ ಮರಿಗಳು ಸಂಜೆ ಹೊತ್ತು ಬಾಗಿಲ ಕಡೆ ನೋಡುತ್ತ ಕೂರುತ್ತಿದ್ದವು. ಶಶಿಕಲಾ ಅವುಗಳ ಹಿಂದೆ ನಿಂತು ಅದೇ ಬಾಗಿಲು ನೋಡುತ್ತಿದ್ದಳು.

“ತಾಟು ಇಣುಕಬ್ಯಾಡ ಅಂದಿದ್ದೆ,” ಎಂದಳು ಯಮನಮ್ಮ. ಆದರೆ ಈ ಸಲ ದನಿಯಲ್ಲಿ ಮೊನಚು ಇರಲಿಲ್ಲ.

ಉಪಾಯ ಹೇಳಿದವನು ಕೊಟ್ರೇಶ. ಅವನಿಗೂ ಒಳಗೊಳಗೇ ಚುಚ್ಚುತ್ತಿತ್ತು, ಯಾಕೆಂದರೆ ಸುದ್ದಿ ಕುದ್ದದ್ದು ಅವನ ಅಂಗಡಿಯಲ್ಲೇ, ಮತ್ತು ಬಿರಿಯಾನಿ ತಿಂದವರಿಲ್ಲದೆ ಚಹಾ ಕುಡಿಯುವವರೂ ಕಡಿಮೆಯಾಗಿದ್ದರು. “ನರ್ಸಮ್ಮ, ನಾಯಿ ಮಾಂಸ ನಾಯಿ ಮುಟ್ಟಂಗಿಲ್ಲ ಅಂತಾರ ಹಿರೇರು. ನಿಮ್ಮ ನಾಯಿಗಳನ್ನ ಕರ್ಕೊಂಡು ಬರ್ರಿ. ಎಲ್ಲಾರ ಮುಂದ ಹೋಟೆಲ್ ತುಂಡು ಇಡೋಣ. ತಿಂದ್ರ ಕುರಿ ಅಂತ ಊರಿಗೇ ಗೊತ್ತಾಗ್ತದ.”

ಶಶಿಕಲಾಳಿಗೆ ಹೋದ ಜೀವ ಬಂದಂತಾಯಿತು. ಇದು ಪ್ರಯೋಗ, ಇದು ವಿಜ್ಞಾನ. ಐತಾರದ ಸಂತೆಯ ಹೊತ್ತಿಗೆ ಎಂದು ಗೊತ್ತುಮಾಡಿದರು.

ಆಕೆಯ ಅಂಗಳದಲ್ಲಿ ಖಾಯಂ ಇರುವ ನಾಯಿಗಳು ಮೂರು. ರಾಣಿ ಎಂಬ ಕಂದು ಹೆಣ್ಣುನಾಯಿ. ಮುದುಕ ಮೋತಿ. ಮೂರನೆಯದಕ್ಕೆ ಡಾಕ್ಟರ್ ಎಂದು ಹೆಸರು. ತಡವಾಗಿ ಬಂದು ಬೇಗ ಹೊರಟುಹೋಗುತ್ತದೆ ಎಂದು ಆಸ್ಪತ್ರೆಯ ಅನುಭವದಿಂದ ಶಶಿಕಲಾ ಇಟ್ಟ ಹೆಸರು. ಐತಾರ ಬೆಳಗ್ಗೆ ಎದ್ದವಳೇ ಆಕೆಗೆ ಒಂದು ಚಿಂತೆ ಹತ್ತಿತು. ಅಷ್ಟು ಮಂದಿಯ ಮುಂದೆ ಇವು ಹಸಿವಿನಿಂದ ಕಿತ್ತಾಡಿಕೊಂಡರೆ? ನರ್ಸಮ್ಮನ ನಾಯಿಗಳಿಗೆ ಶಿಸ್ತಿಲ್ಲ ಎಂದರೆ? ಹಾಗಾಗಿ ಮೊಟ್ಟೆ ಒಡೆದು ಅನ್ನಕ್ಕೆ ಕಲಸಿ ಮೂರಕ್ಕೂ ಹೊಟ್ಟೆ ಬಿರಿಯುವಷ್ಟು ಉಣಿಸಿದಳು. ಮೇಲೆ ಒಂದೊಂದು ಬಿಸ್ಕೀಟಿನ ಪುಡಿಕೆ.

ಯಮನಮ್ಮ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು. “ಉಣ್ಣೋ ಪರೀಕ್ಷಾಕ್ಕ ಹೊಂಟೋರಿಗೆ ಉಣಿಸಿ ಕಳಸ್ತಾರೇನಬೇ?”

“ನಿನಗ ತಿಳಿಯಂಗಿಲ್ಲ, ಸುಮ್ನಿರು.” ನೌಕರಿ ಮಾಡಿದವರಿಗೆ ಈ ಮಾತು ಬಾಯಿಗೆ ಬೇಗ ಬರುತ್ತದೆ.

ಬಸ್ ಸ್ಟ್ಯಾಂಡಿನ ಎದುರು ಸಂತೆಗೆ ಬಂದವರೆಲ್ಲ ನೆರೆದರು. ಜಿಲಾನಿ ಪಾಷಾ ಹೊಸ್ತಿಲಲ್ಲೇ ನಿಂತಿದ್ದ; ನಾಯಿಯ ಮೂಗು ತಾಗಿದರೆ ನಮಾಜಿಗೆ ಮತ್ತೆ ಬಟ್ಟೆ ಬದಲಿಸಬೇಕಲ್ಲ ಎಂದು ಪೈಜಾಮ ಸ್ವಲ್ಪ ಎತ್ತಿ ಹಿಡಿದಿದ್ದ. ಒಳಗೆ ಪರದೆಯ ಹಿಂದೆ ಹಸೀನಾ ಬೇಗಂ, ಉಮ್ಮೇ ಕುಲ್ಸುಮ್. ಕೊಟ್ರೇಶ ಎಲೆಯಲ್ಲಿ ಮೂಳೆ, ತುಂಡು ಹಾಕಿ ರಸ್ತೆಯ ಮಗ್ಗುಲಿಗೆ ಇಟ್ಟ. ಹಬೆಯಾಡುತ್ತಿತ್ತು. ಸುತ್ತ ನಿಂತವರ ಬಾಯಲ್ಲೇ ನೀರೂರಿತು, ಆದರೆ ಯಾರೂ ಒಪ್ಪಿಕೊಳ್ಳಲಿಲ್ಲ.

ಮೊದಲು ಡಾಕ್ಟರ್ ಮುಂದೆ ಬಂತು. ಎಲೆಯ ಹತ್ತಿರ ನಿಂತು, ರೋಗಿಯ ಮುಖ ನೋಡದೆ ಚೀಟಿ ಬರೆಯುವವರ ಹಾಗೆ ಒಂದು ಸಲ ಮೂಸಿ, ಹೊರಟುಹೋಯಿತು. ಮಂದಿಯಲ್ಲಿ ಗುಜುಗುಜು ಎದ್ದಿತು. ಮೋತಿ ಎಲೆಯ ತನಕ ಹೋಗಲೂ ಇಲ್ಲ. ಬಿಸಿಲು ಹಿತವಾಗಿತ್ತು, ಹೊಟ್ಟೆ ತುಂಬಿತ್ತು. ಅಲ್ಲೇ ಕಾಲು ಚಾಚಿ ಮಲಗಿತು.

“ರಾಣಿ, ಹೋಗವ್ವಾ, ನನ್ನ ಬಂಗಾರ,” ಎಂದಳು ಶಶಿಕಲಾ.

ರಾಣಿ ಹೋಯಿತು. ದೊಡ್ಡ ಮೂಳೆಯೊಂದನ್ನು ಬಾಯಲ್ಲಿ ಹಿಡಿಯಿತು. ಆದರೆ ರಾಣಿ ಕಡಿಯಲಿಲ್ಲ. ಹಸಿವಿಲ್ಲದ ನಾಯಿ ನಾಳೆಗೆ ಬೇಕೆಂದು ಏನು ಮಾಡುತ್ತದೋ ಅದನ್ನೇ ಮಾಡಿತು. ಬೇವಿನ ಮರದ ಬುಡಕ್ಕೆ ಹೋಗಿ, ಮುಂಗಾಲಿನಿಂದ ಗುಂಡಿ ತೋಡಿ, ಮೂಳೆಯನ್ನು ಒಳಗಿಟ್ಟು, ಮೂತಿಯಿಂದ ನಾಜೂಕಾಗಿ ಮಣ್ಣು ಎಳೆಯಿತು.

“ಅಯ್ಯ ಶಿವನೇ,” ಎಂದಿತು ಗುಂಪಿನಲ್ಲೊಂದು ದನಿ. “ಮಣ್ಣು ಮಾಡಾಕತ್ತದಲ್ಲೋ! ತನ್ನ ಬಳಗದವರು ಅಂತ ಗುರ್ತು ಹಿಡೀತು!”

ಇಬ್ಬರು ಹೆಂಗಸರು ಗಲ್ಲ ಗಲ್ಲ ಬಡಿದುಕೊಂಡರು. ಒಬ್ಬ ಟೊಪ್ಪಿಗೆ ತೆಗೆದ. ಕೊಟ್ರೇಶ ಇದ್ದಕ್ಕಿದ್ದಂತೆ ಚಹಾದ ಪಾತ್ರೆ ಉಕ್ಕಿದವನಂತೆ ಅಂಗಡಿಯ ಕಡೆ ನಡೆದ. ಜಿಲಾನಿ ಪಾಷಾ ಎತ್ತಿ ಹಿಡಿದಿದ್ದ ಪೈಜಾಮದ ತುದಿಯನ್ನು ಕೈಬಿಟ್ಟ. ಪರದೆಯ ಹಿಂದೆ ಯಾರೋ ಬಿಕ್ಕಿದ್ದು ಕೇಳಿಸಿತು. ಅದು ಉಮ್ಮೇ ಕುಲ್ಸುಮ್ ಎಂದು ಶಶಿಕಲಾಳಿಗೆ ಗೊತ್ತಾಯಿತು. ಆ ಹುಡುಗಿಯ ಮೊದಲ ಅಳುವನ್ನು ಕೇಳಿದವಳು ಆಕೆ, ತಪ್ಪುವುದು ಹೇಗೆ?

ಆಗ ಶಶಿಕಲಾ ಹೋಟೆಲಿನ ಒಳಗೆ ಹೋದಳು. ನಲ್ಲಿಯಲ್ಲಿ ಕೈ ತೊಳೆದಳು, ಹೆರಿಗೆಗೆ ಹೋಗುವ ಮುಂಚೆ ತೊಳೆಯುತ್ತಿದ್ದ ಹಾಗೆ, ಮೊಣಕೈತನಕ. ಹೊರಗಿನ ಬೆಂಚನ್ನು ರಸ್ತೆಗೆ ಎದುರಾಗಿ ತಿರುಗಿಸಿ ಕೂತಳು.

“ಜಿಲಾನಿ, ಒಂದು ಪ್ಲೇಟ್ ಹಾಕು. ತುಂಡು ಜಾಸ್ತಿ ಹಾಕು.”

“ಅಕ್ಕಾ, ನೀವು ಬಿಟ್ಟೀರಿ. ನಕ್ಕೋ ಅಕ್ಕಾ.”

“ಹಾಕು ಅಂದೆ.”

ನಾಯಿ ನರ್ಸಮ್ಮ ಮಾಂಸ ಬಿಟ್ಟದ್ದು ಊರಿಗೆಲ್ಲ ಗೊತ್ತು. ಮೊಹರಂಗೆ ಕೊಟ್ಟ ಬಿರಿಯಾನಿಯನ್ನು ಕಣ್ಣಿಗೊತ್ತಿಕೊಂಡು ತಿರುಗಿ ಕಳಿಸಿದ್ದೂ ಗೊತ್ತು. ಆಕೆ ಅನ್ನ ಕಲಸಿ, ತುಂಡನ್ನು ಬಿಡಿಸಿ, ಬಾಯಿಗಿಟ್ಟಳು. ಅಗಿದಳು. ಆ ಕುರಿಗೂ ಒಂದು ತಾಯಿ ಇತ್ತು ಎಂದು ಆಕೆಗೆ ನೆನಪಿತ್ತು. ತನಗೆ ತಾನೇ ಸುಳ್ಳು ಹೇಳಿಕೊಳ್ಳಲಿಲ್ಲ. ಶಪಥ ಮುರಿದದ್ದಕ್ಕೆ ದುಃಖವಾಯಿತು, ಪಶ್ಚಾತ್ತಾಪ ಆಗಲಿಲ್ಲ. ಎರಡೂ ಬೇರೆ ಬೇರೆ ಎಂದು ಆಕೆಗೆ ಅಂದೇ ತಿಳಿದದ್ದು. ಕಣ್ಣಲ್ಲಿ ನೀರು ಬಂತು. ಖಾರ ಹೆಚ್ಚಾಗಿದೆ ಎಂದು ತಿಳಿದು ಜಿಲಾನಿ ಪಾಷಾ ಓಡಿಹೋಗಿ ಮೊಸರು ತಂದ.

ಪ್ಲೇಟು ಖಾಲಿಯಾದ ಮೇಲೆ ಕೈ ತೊಳೆದು, ಚೀಲದಿಂದ ಮಾರ್ಕರ್ ಪೆನ್ನು ತೆಗೆದು, ತನ್ನ ಎಡಗೈ ಕಿರುಬೆರಳಿನ ಉಗುರಿಗೆ ತಾನೇ ಕಪ್ಪು ಹಚ್ಚಿಕೊಂಡಳು. ಬೆರಳನ್ನು ಎಲ್ಲರಿಗೂ ಕಾಣುವಂತೆ ಎತ್ತಿದಳು.

“ನನ್ನ ಡೋಸ್ ಆತು. ಕುರಿ ಮಾಂಸ ಅದ. ನನ್ನ ನಾಯಿಗಳು ಮುಂಜಾನಿ ಮೊಟ್ಟಿ ಅನ್ನ ತಿಂದು ಬಂದಾವ, ಅದು ನನ್ನ ತಪ್ಪು. ಫ್ಲೆಕ್ಸ್ ಹಂಗ ಆಗಿದ್ದೂ ನನ್ನ ತಪ್ಪು, ಈ ಮನುಷ್ಯಾಂದಲ್ಲ. ಈಗ ಯಾರು ಬರ್ತೀರಿ?”

ಯಾರೂ ಅಲುಗಲಿಲ್ಲ. ಆಕೆ ಗುಂಪಿನ ಮೇಲೆ ಕಣ್ಣಾಡಿಸಿದಳು.

“ಕೊಟ್ರೇಶಾ, ನೀನು ಕಾಲು ಮುಂದ ಮಾಡಿ ಹುಟ್ಟಿದವ. ನಿಮ್ಮವ್ವ ಎಷ್ಟೊತ್ತು ತ್ರಾಸು ಪಟ್ಟಳು ಹೇಳಲೇನು, ಇಷ್ಟು ಮಂದ್ಯಾಗ?”

ಕೊಟ್ರೇಶ ಬಂದು ಕೂತ. ಮೊದಲ ತುತ್ತಿಗೆ ಮುಖ ಗಂಟಿಕ್ಕಿದ್ದವನು ಎರಡನೆಯದಕ್ಕೆ ಸಡಿಲಿಸಿ, ಮೂರನೆಯದಕ್ಕೆ ತುಂಡು ಕೇಳಿದ. “ಲೇ, ನಾಯಿ ಮಾಂಸ ಆಗಿದ್ರ ನರ್ಸಮ್ಮ ಜೀವ ಬಿಡ್ತಿದ್ದಳು, ತುತ್ತು ಮುಟ್ತಿದ್ದಿಲ್ಲ. ಇಷ್ಟು ಬುದ್ಧಿ ಬ್ಯಾಡೇನು ನಿಮಗ?” ಎಂದು ಗುಂಪಿನ ಮೇಲೇ ಹರಿಹಾಯ್ದ. ನಿನ್ನೆಯವರೆಗೆ ತನಗೂ ಇರದಿದ್ದ ಬುದ್ಧಿ ಅದು. ಅವನ ಬೆರಳಿಗೆ ಕಪ್ಪು ಬಿತ್ತು. ಅವನ ಹಿಂದೆ ಇನ್ನೊಬ್ಬ, ಇನ್ನಿಬ್ಬರು. ಬಿಸಿ ಬಿರಿಯಾನಿಯ ವಾಸನೆಯನ್ನು ಅಷ್ಟು ಹೊತ್ತು ಸುಮ್ಮನೆ ಕುಡಿದು ನಿಂತವರಿಗೆ ಒಂದು ನೆಪ ಸಾಕಾಗಿತ್ತು. ಮಧ್ಯಾಹ್ನದೊಳಗೆ ಅಬ್ಬಾನ ದೇಗ್‌ನ ತಳ ಕಂಡಿತು, ಜಿಲಾನಿ ಪಾಷಾ ಎರಡನೆಯ ಸಲ ಒಲೆ ಹೊತ್ತಿಸಿದ.

ಫ್ಲೆಕ್ಸನ್ನು ಕೊಟ್ರೇಶನೇ ಏಣಿ ಹಾಕಿ ಬಿಚ್ಚಿದ. ಬಿಸಾಡಲು ಮನಸ್ಸಾಗದೆ ತನ್ನ ಅಂಗಡಿಯ ಮಾಡಿಗೆ ಹೊದಿಸಿದ. ಚಹಾ ಕುಡಿಯುತ್ತ ತಲೆ ಎತ್ತಿದರೆ ಇವತ್ತಿಗೂ ಆ ನಾಯಿ ಕೆಳಗೆ ನೋಡುತ್ತಿರುತ್ತದೆ. ಹೊಸ ಫ್ಲೆಕ್ಸು ಬೇರೆ ಬಂತು. ಮನೆ ನಾಯಿ ಬೆಕ್ಕುಗಳನ್ನು ಕದ್ದು, ಕಟ್ಟಿ, ಮಾರುವುದು ನಿಲ್ಲಲಿ ಎಂದು ಅದರಲ್ಲಿದೆ. ಸೌಜನ್ಯದಲ್ಲಿ ಯಾರ ಹೆಸರೂ ಇಲ್ಲ. ಕಿರಣಕುಮಾರ ಇದಕ್ಕೆ ಬಹಳ ಬೇಜಾರು ಮಾಡಿಕೊಂಡನಂತೆ.

ಆ ದಿನ ಹೊತ್ತು ಇಳಿಯುವಾಗ ಶಶಿಕಲಾ ಮನೆಗೆ ಬಂದಳು. ಯಮನಮ್ಮ ಕಟ್ಟೆಯ ಮೇಲೆ ಹಾಗೇ ಕೂತಿದ್ದಳು. ಮಗಳು ಹತ್ತಿರ ಕೂತದ್ದೇ ತಡ, ಮುದುಕಿ ಆಕೆಯ ಬಲಗೈ ಎಳೆದುಕೊಂಡು ಮೂಗಿಗೆ ಹಿಡಿದಳು. ಸೋಪು ಹಾಕಿ ತೊಳೆದರೂ ಬಿರಿಯಾನಿ ಅಷ್ಟು ಸುಲಭಕ್ಕೆ ಕೈ ಬಿಡುವುದಿಲ್ಲ.

ಬೈಗುಳಕ್ಕೆ ಶಶಿಕಲಾ ತಯಾರಾಗಿದ್ದಳು. ಬೈಗುಳ ಬರಲಿಲ್ಲ. ಯಮನಮ್ಮ ಆ ಕೈಯನ್ನು ಹಿಡಿದೇ ಇದ್ದಳು, ಕಣ್ಣು ಮುಚ್ಚಿ, ಹಬ್ಬದ ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತ ಮಗುವಿನ ಹಾಗೆ.

“ಛಲೋ ಮಸಾಲಿ ಹಾಕ್ಯಾನ,” ಎಂದಳು.

ಊರವರು ತಾಟು ಇಣುಕಿದರು ಎಂದು ಜೀವಮಾನವೆಲ್ಲ ನೊಂದ ಈ ಮುದುಕಿಯ ತಾಟನ್ನು ಕೊನೆಗೆ ಇಣುಕಿದ್ದು ಯಾರು? ತುಂಡು ಎತ್ತಿ ಆಚೆ ಹಾಕಿದ್ದು ಯಾರು? ಎಲ್ಲಿಯದೋ ಸಂತೆಯ ಮೇಲಿನ ಸಿಟ್ಟನ್ನು ತಾಯಿಯ ಬಾಯಿಯ ಮೇಲೆ ತೀರಿಸಿಕೊಂಡು ಅದನ್ನೇ ಇಷ್ಟು ದಿನ ದಯೆ ಎಂದು ಕರೆದಿದ್ದಳು. ಶಶಿಕಲಾಳಿಗೆ ನಾಚಿಕೆಯಾಯಿತು. ತಾಯಿಗೂ ಒಂದು ಪ್ಲೇಟು ತರಲು ಎದ್ದು ಚಪ್ಪಲಿ ಮೆಟ್ಟುವಷ್ಟರಲ್ಲಿ ಗೇಟಿನ ಸದ್ದಾಯಿತು. ಉಮ್ಮೇ ಕುಲ್ಸುಮ್ ನಿಂತಿದ್ದಳು, ಕೈಯಲ್ಲಿ ಮುಚ್ಚಿದ ಡಬ್ಬಿ.

“ಅಮ್ಮಿ ಕಳಿಸ್ಯಾಳ, ಅಜ್ಜಿಗೆ. ಮೆತ್ತಗಿನ ತುಂಡೇ ಆರಿಸಿ ಹಾಕ್ಯಾಳ,” ಎಂದಳು. ಆಮೇಲೆ ನರ್ಸಮ್ಮನ ಮುಖ ನೋಡಿ ಹಿಂಜರಿದು, “ಬ್ಯಾಡಂದ್ರ ತಿರುಗಿ ಒಯ್ತೀನಿ” ಎಂದಳು. ಅಷ್ಟರೊಳಗೆ ಬೆಕ್ಕಿನ ಮರಿಗಳು ಆಕೆಯ ಕಾಲಿಗೆ ಸುತ್ತಿಕೊಂಡಿದ್ದವು.

“ತಿರುಗಿ ಒಯ್ದೀ ಅಂದ್ರ ಕಾಲು ಮುರೀತೀನಿ,” ಎಂದಳು ಯಮನಮ್ಮ.

ಶಶಿಕಲಾ ತಾನೇ ತಾಟು ತಂದಳು. ತಾನೇ ಬಡಿಸಿದಳು. ನಾಲ್ಕು ಹಲ್ಲಿಗೆ ಆಗುವಂತೆ ತುಂಡನ್ನು ಎಳೆ ಎಳೆ ಬಿಡಿಸಿಕೊಟ್ಟು, ಆಮೇಲೆ ತಾಟಿನ ಕಡೆ ನೋಡದೆ ಬೇರೆ ಕಡೆ ಮುಖ ಮಾಡಿ ಕೂತಳು. ಯಮನಮ್ಮ ಅವಸರವಿಲ್ಲದೆ ಉಂಡಳು. ಕೊನೆಗೆ ಮೂಳೆಯನ್ನು ಚೀಪಿ, ಅಂಗಳಕ್ಕೆ ಎಸೆದಳು.

ಬೆಳಗಿನ ಮೊಟ್ಟೆ ಅನ್ನ ಅಷ್ಟೊತ್ತಿಗೆ ಕರಗಿತ್ತು. ರಾಣಿ ಮೂಲೆಯಿಂದ ಎದ್ದು ಬಂದು, ಮೂಳೆಯನ್ನು ಮುಂಗಾಲಿನ ನಡುವೆ ಹಿಡಿದು ಕಟಕಟ ಕಡಿಯತೊಡಗಿತು. ಪರೀಕ್ಷೆ ಪಾಸಾಯಿತು, ನೋಡಲು ಸಂತೆಯವರು ಯಾರೂ ಇರಲಿಲ್ಲ. ಮೂವರು ಹೆಂಗಸರು ಮಾತ್ರ ಕೂತು ನೋಡಿದರು.

ಯಮನಮ್ಮ ಕೈ ತೊಳೆದುಕೊಂಡು ಮಗಳ ಮುಂದೆ ಎಡಗೈಯ ಕಿರುಬೆರಳು ಚಾಚಿದಳು.

“ಹಚ್ಚು,” ಎಂದಳು. “ಆಮ್ಯಾಲ ಆ ರಾಣಿ ಉಗುರಿಗೂ ಒಂದೀಟು ಹಚ್ಚು.”